ಅಫ್ಘಾನಿಸ್ತಾನ ಕೆಟ್ಟದ್ದು ಯಾರಿಂದ?

ಪ್ರಶ್ನೆ: 1970ರ ಆಸುಪಾಸಿನ ಕಾಬೂಲ್‌ನ ಒಂದು ಫೋಟೊ ನೋಡಿದೆ. ಸ್ಕರ್ಟ್ ತೊಟ್ಟ ಹುಡುಗಿಯರು ಪುಸ್ತಕ ಹಿಡಿದು ಕಾಲೇಜಿಗೆ ಹೊರಟಿದ್ದಾರೆ. ಇವತ್ತು ಅದೇ ಊರಲ್ಲಿ ಆರನೇ ತರಗತಿ ದಾಟಿದ ಹುಡುಗಿಗೆ ಶಾಲೆಯಿಲ್ಲ. ಐವತ್ತೇ ವರ್ಷದಲ್ಲಿ ಒಂದು ದೇಶ ಇಷ್ಟು ಕೆಡುವುದು ಹೇಗೆ? ಹೊರಗಿನವರು ಬಂದು ಕೆಡಿಸಿದರೋ, ಅಲ್ಲಿನವರೇ ಹೊಡೆದಾಡಿಕೊಂಡು ಕೆಟ್ಟರೋ? ಅಲ್ಲಿನ ಜನರ ಸ್ವಭಾವವೇ ಹಾಗೆ ಎನ್ನುತ್ತಾರೆ ಮನೆಯಲ್ಲಿ. ನಿಜವೇ?
– ಪದವಿ ವಿದ್ಯಾರ್ಥಿನಿ, ಹಾವೇರಿ

ಉತ್ತರ: ನಿಮ್ಮ ಕೊನೆಯ ಮಾತಿಗೆ ಮೊದಲು ಉತ್ತರ ಕೊಟ್ಟುಬಿಡುತ್ತೇನೆ. ಅದು ನಿಜವಲ್ಲ. 1930ರ ದಶಕದಿಂದ 1978ರವರೆಗೆ, ನಾಲ್ಕು ದಶಕಕ್ಕೂ ಹೆಚ್ಚು ಕಾಲ ಅಫ್ಘಾನಿಸ್ತಾನ ಹೆಚ್ಚುಕಡಿಮೆ ನೆಮ್ಮದಿಯಾಗಿತ್ತು. ಎರಡನೇ ಮಹಾಯುದ್ಧದಲ್ಲಿ ಯುರೋಪಿನ ಊರೂರು ಉರಿಯುತ್ತಿದ್ದಾಗ ಅದು ಯಾರ ಪಕ್ಷವನ್ನೂ ವಹಿಸದೆ ದೂರ ನಿಂತಿತ್ತು. 1960 ಮತ್ತು 70ರ ದಶಕಗಳಲ್ಲಿ ಯುರೋಪಿನ ಹುಡುಗ ಹುಡುಗಿಯರು ಬಸ್ಸು ಹತ್ತಿ ಟರ್ಕಿ, ಇರಾನ್ ದಾಟಿ ಹೆರಾತ್, ಕಂದಹಾರ್, ಕಾಬೂಲ್ ಮಾರ್ಗವಾಗಿ ದೆಹಲಿಗೆ ಬರುತ್ತಿದ್ದರು. ಹೊಡೆದಾಟವೇ ಹುಟ್ಟುಗುಣವಾದ ಜನರ ನಡುವೆ ಹೀಗೆ ಓಡಾಡಲು ಆಗುತ್ತಿರಲಿಲ್ಲ.

ಹೊರಗಿನವರೋ ಒಳಗಿನವರೋ ಎಂಬುದಕ್ಕೆ ಉತ್ತರ ಸ್ವಲ್ಪ ಉದ್ದ. ಚುಟುಕಾಗಿ ಹೇಳುವುದಾದರೆ, ಕಾಬೂಲ್‌ನಲ್ಲಿ ಅಧಿಕಾರ ಹಿಡಿದವರು ಒಬ್ಬರಾದ ಮೇಲೊಬ್ಬರು ಸ್ವಂತ ಜನರನ್ನು ನೆಚ್ಚದೆ ಹೊರಗಿನ ಹಣವನ್ನೂ ಹೊರಗಿನ ಬಂದೂಕನ್ನೂ ನೆಚ್ಚಿದರು. ಕೊಡುವವರು ತಮ್ಮ ಲೆಕ್ಕಾಚಾರಕ್ಕೆ ಕೊಟ್ಟರು, ಲೆಕ್ಕಾಚಾರ ಮುಗಿದಾಗ ಕೈಬಿಟ್ಟರು. ಕೈಬಿಟ್ಟಾಗಲೆಲ್ಲ ಸರ್ಕಾರ ಕುಸಿಯಿತು. ತೆರವಾದ ಜಾಗಕ್ಕೆ ಬಂದೂಕು ಇದ್ದವರು ನುಗ್ಗಿದರು. ಇದು ನಡೆದುಬಂದ ಬಗೆಯನ್ನು ಕಾಲಕ್ರಮದಲ್ಲಿ ನೋಡೋಣ.

ಫೋಟೊದಲ್ಲಿ ಇಲ್ಲದ ಹಳ್ಳಿ

ನೀವು ನೋಡಿದ ಫೋಟೊ ಸುಳ್ಳಲ್ಲ. ದೊರೆ ಅಮಾನುಲ್ಲಾ ಮತ್ತು ರಾಣಿ ಸೊರಾಯಾ 1920ರ ದಶಕದಲ್ಲೇ ಹೆಣ್ಣುಮಕ್ಕಳಿಗೆ ಶಾಲೆ ತೆರೆದಿದ್ದರು. ಅವಸರದ ಸುಧಾರಣೆಗಳ ವಿರುದ್ಧ ದಂಗೆ ಎದ್ದು 1929ರಲ್ಲಿ ಅಮಾನುಲ್ಲಾ ಪಟ್ಟ ಕಳೆದುಕೊಂಡ. 1933ರಲ್ಲಿ ಪಟ್ಟಕ್ಕೆ ಬಂದ ಜಹೀರ್ ಶಾ ನಲವತ್ತು ವರ್ಷ ಆಳಿದ. ಅವನ ಕಾಲದ 1964ರ ಸಂವಿಧಾನದಿಂದ ಹೆಂಗಸರಿಗೆ ಮತದಾನದ ಹಕ್ಕು ಸಿಕ್ಕಿತು. ಮರುವರ್ಷವೇ ಕೆಲವು ಹೆಂಗಸರು ಸಂಸತ್ತಿಗೂ ಬಂದರು.

ಆದರೆ ಆ ಫೋಟೊ ಕಾಬೂಲ್‌ನ ಕೆಲವೇ ಬೀದಿಗಳದ್ದು. ದೇಶದ ಬಹುಪಾಲು ಜನ ಹಿಂದುಕುಶ್ ಪರ್ವತದ ಕಣಿವೆಗಳಲ್ಲಿ, ದಕ್ಷಿಣದ ಮರಳುಗಾಡಿನ ಅಂಚಿನಲ್ಲಿ ಗೋಧಿ ಬೆಳೆದು, ಕುರಿ ಸಾಕಿ ಬದುಕುವವರು. ಪಶ್ತೂನರು, ತಾಜಿಕರು, ಹಜಾರಾಗಳು, ಉಜ್ಬೆಕರು ಹೀಗೆ ಹಲವು ಜನಾಂಗಗಳು. ಹಳ್ಳಿಯ ವ್ಯಾಜ್ಯ ಜಿರ್ಗಾ ಎಂಬ ಹಿರಿಯರ ಸಭೆಯಲ್ಲಿ ಬಗೆಹರಿಯುತ್ತಿತ್ತು. ಸರ್ಕಾರ ಅವರ ಬಾಗಿಲಿಗೆ ಬರುತ್ತಿದ್ದುದೇ ಅಪರೂಪ. ಬರಬೇಕಾದ ಅಗತ್ಯವೂ ಸರ್ಕಾರಕ್ಕೆ ಇರಲಿಲ್ಲ. ಭೂಮಿ ಮತ್ತು ದನಕರುಗಳ ಮೇಲಿನ ತೆರಿಗೆ 1970ರ ಹೊತ್ತಿಗೆ ಅದರ ವರಮಾನದಲ್ಲಿ ಲೆಕ್ಕಕ್ಕೇ ಸಿಗದಷ್ಟು ಇಳಿದಿತ್ತು. ಶೀತಲ ಸಮರದ ಎರಡೂ ಬಣಗಳು ಪೈಪೋಟಿಯಲ್ಲಿ ನೆರವು ಕೊಡುತ್ತಿದ್ದವು. ಹೆಲ್ಮಂದ್ ಕಣಿವೆಯ ನೀರಾವರಿಗೂ ಕಂದಹಾರ್‌ನ ವಿಮಾನ ನಿಲ್ದಾಣಕ್ಕೂ ಅಮೆರಿಕದ ಹಣ. 1964ರಲ್ಲಿ ತೆರೆದ ಸಲಾಂಗ್ ಸುರಂಗಕ್ಕೆ ಸೋವಿಯತ್ ಒಕ್ಕೂಟದ ಹಣ. ಅನೇಕ ಸೇನಾಧಿಕಾರಿಗಳ ತರಬೇತಿ ಕೂಡ ಸೋವಿಯತ್ ನೆಲದಲ್ಲಿ ಆಗುತ್ತಿತ್ತು.

1973ರ ಜುಲೈನಲ್ಲಿ ಜಹೀರ್ ಶಾ ಇಟಲಿಯಲ್ಲಿದ್ದಾಗ ಅವನ ದಾಯಾದಿ ದಾವುದ್ ಖಾನ್ ಸೇನೆಯ ನೆರವಿನಿಂದ ಅಧಿಕಾರ ಕಿತ್ತುಕೊಂಡು ಗಣರಾಜ್ಯ ಘೋಷಿಸಿದ. ರಕ್ತಪಾತ ಆಗಲಿಲ್ಲವೆಂದೇ ಹೇಳಬೇಕು. ಆದರೆ ಕೆಲವು ಟ್ಯಾಂಕುಗಳಿದ್ದರೆ ದೇಶ ಕೈಗೆ ಬರುತ್ತದೆ ಎಂಬ ಪಾಠವನ್ನು ಸೇನೆ ಅಂದೇ ಕಲಿತಿತು.

ಕ್ರಾಂತಿಯ ಹೆಸರಿನಲ್ಲಿ

1978ರ ಏಪ್ರಿಲ್ 27ರಂದು ಅದೇ ಪಾಠ ದಾವುದ್‌ನ ಮೇಲೆ ತಿರುಗಿತು. ಕಮ್ಯುನಿಸ್ಟ್ ಅಧಿಕಾರಿಗಳ ಟ್ಯಾಂಕುಗಳು ಅರಮನೆಗೆ ಮುತ್ತಿಗೆ ಹಾಕಿದವು. ದಾವುದ್ ಕುಟುಂಬ ಸಮೇತ ಕೊಲೆಯಾದ. ನೂರ್ ಮೊಹಮ್ಮದ್ ತಾರಕಿ ಅಧ್ಯಕ್ಷನಾದ, ಹಫೀಜುಲ್ಲಾ ಅಮೀನ್ ಅವನ ಬಲಗೈಯಾದ.

ಅವರು ಹೊರಡಿಸಿದ ಆಜ್ಞೆಗಳನ್ನು ಓದಿದರೆ ಕೆಡುಕು ಕಾಣುವುದಿಲ್ಲ. ಒಂದು ಕುಟುಂಬಕ್ಕೆ 30 ಜೆರಿಬ್, ಅಂದರೆ ಸುಮಾರು 15 ಎಕರೆ ಜಮೀನಿನ ಮಿತಿ. ಬಡ ರೈತರ ಸಾಲ ಮನ್ನಾ. ವಧುದಕ್ಷಿಣೆಗೆ ಕಡಿವಾಣ, ಮದುವೆಗೆ ಕನಿಷ್ಠ ವಯಸ್ಸು. ಕೆಟ್ಟದ್ದು ಜಾರಿಯ ರೀತಿಯಲ್ಲಿ. ಗೇಣಿದಾರನಿಗೆ ಬೀಜ, ಎತ್ತು, ನೀರು, ಕೈಸಾಲ ಎಲ್ಲ ಸಿಗುತ್ತಿದ್ದುದು ಜಮೀನ್ದಾರನಿಂದಲೇ. ಸರ್ಕಾರ ಆ ಹಳೆಯ ಏರ್ಪಾಟನ್ನು ಕಿತ್ತುಹಾಕಿತು, ಆ ಜಾಗದಲ್ಲಿ ಬ್ಯಾಂಕನ್ನಾಗಲಿ ಬೀಜದ ಗೋದಾಮನ್ನಾಗಲಿ ಇಡಲಿಲ್ಲ. ಕೈಗೆ ಪಟ್ಟಾ ಬಂದ ರೈತನಿಗೆ ಉಳಲು ದಾರಿಯಿರಲಿಲ್ಲ. ಒಪ್ಪದವರನ್ನು, ಒಪ್ಪಲಿಕ್ಕಿಲ್ಲ ಎಂದು ಸಂಶಯ ಬಂದವರನ್ನು ಪೊಲೀಸರು ರಾತ್ರೋರಾತ್ರಿ ಎತ್ತಿಕೊಂಡು ಹೋದರು.

ಎತ್ತಿಕೊಂಡು ಹೋದವರು ಏನಾದರು ಎಂಬುದು ಮನೆಯವರಿಗೆ ಮೂವತ್ತೈದು ವರ್ಷ ತಿಳಿಯಲಿಲ್ಲ. 2013ರಲ್ಲಿ ನೆದರ್ಲೆಂಡ್ಸ್‌ನ ಸರ್ಕಾರಿ ವಕೀಲರು, ಯುದ್ಧಾಪರಾಧದ ಒಂದು ತನಿಖೆಯಲ್ಲಿ ಕೈಗೆ ಬಂದ ಪಟ್ಟಿಗಳನ್ನು ಬಹಿರಂಗಪಡಿಸಿದರು. 1978–79ರಲ್ಲಿ ಕೊಲ್ಲಲ್ಪಟ್ಟ ಹತ್ತಿರ ಹತ್ತಿರ 5,000 ಜನರ ಹೆಸರು ಅದರಲ್ಲಿತ್ತು. ಟೈಪ್ ಮಾಡಿದ ಹಾಳೆಗಳು: ಹೆಸರು, ತಂದೆಯ ಹೆಸರು, ಕಸುಬು, ಊರು, ಆರೋಪ. ಮೇಷ್ಟ್ರು, ವಿದ್ಯಾರ್ಥಿ, ಮುಲ್ಲಾ, ಅಂಗಡಿಯವನು, ರೈತ ಎಲ್ಲರೂ ಒಂದೇ ಸಾಲಿನಲ್ಲಿ. ಅಣ್ಣ ಎಂದಾದರೂ ಬಂದಾನು ಎಂದು ಕಾದಿದ್ದ ಮನೆಗಳು ಆ ಹಾಳೆಯಲ್ಲಿ ಹೆಸರು ಹುಡುಕಿ, ಸಿಕ್ಕ ಮೇಲೆ ಕೊನೆಗೂ ಅಂತಿಮ ಪ್ರಾರ್ಥನೆ ಮಾಡಿದವು. ಕಾಬೂಲ್‌ನಲ್ಲಿ ಎರಡು ದಿನ ಶೋಕಾಚರಣೆ ನಡೆಯಿತು. ಸೋವಿಯತ್ ಸೈನಿಕ ಇನ್ನೂ ಗಡಿ ದಾಟಿ ಬರುವ ಮೊದಲೇ ನಡೆದ ಕೊಲೆಗಳಿವು. ಹೊರಗಿನವರನ್ನಷ್ಟೇ ದೂರುವವರು ಈ ಹಾಳೆಗಳನ್ನು ಮರೆಯಬಾರದು.

ಸೋವಿಯತ್ ಸೇನೆ ಬಂದಾಗ

1979ರ ಮಾರ್ಚಿನಲ್ಲಿ ಹೆರಾತ್ ದಂಗೆ ಎದ್ದಿತು. ಅಲ್ಲಿನ ಸೇನಾ ತುಕಡಿಯೂ ಜನರ ಜೊತೆ ಸೇರಿತು. ಸರ್ಕಾರ ಅದನ್ನು ರಕ್ತದಲ್ಲಿ ಮುಳುಗಿಸಿತು. ಅದೇ ವರ್ಷ ಅಮೀನ್ ತನ್ನ ನಾಯಕ ತಾರಕಿಯನ್ನೇ ಕೆಳಗಿಳಿಸಿ ಅಧ್ಯಕ್ಷನಾದ, ಆಮೇಲೆ ಅವನನ್ನು ಕೊಲ್ಲಿಸಿದ. ತಮ್ಮ ಗಡಿಗೆ ಅಂಟಿದ ದೇಶ ಕೈತಪ್ಪುತ್ತಿದೆ ಎಂದು ಮಾಸ್ಕೋ ದಿಗಿಲುಬಿದ್ದಿತು.

ಡಿಸೆಂಬರ್ 27ರಂದು ಕಾಬೂಲ್ ಹೊರವಲಯದ ತಾಜ್‌ಬೇಗ್ ಅರಮನೆಯಲ್ಲಿ ನಡೆದದ್ದನ್ನು ಗಮನಿಸಿ. ಮಧ್ಯಾಹ್ನದ ಊಟದಲ್ಲಿ ಅಮೀನ್‌ಗೆ ವಿಷ ಹಾಕಿಸಿದ್ದು ಸೋವಿಯತ್ ಗುಪ್ತಚರ ಸಂಸ್ಥೆ. ಏನೂ ತಿಳಿಯದೆ ಓಡಿಬಂದು ಅವನನ್ನು ಉಳಿಸಿದ್ದು ಸೋವಿಯತ್ ವೈದ್ಯರು. ಸಂಜೆ ಅರಮನೆಗೆ ನುಗ್ಗಿ ಕೊಂದದ್ದು ಸೋವಿಯತ್ ಕಮಾಂಡೊಗಳು. ಸೇನೆ ಕಳಿಸಿ ಎಂದು ಬೇಡಿಕೊಂಡವನೇ ಅವನು. ಬಂದ ಸೇನೆ ತನ್ನ ರಕ್ಷಣೆಗೇ ಬಂದಿದೆ ಎಂದು ಗುಂಡಿನ ಸದ್ದು ಕೇಳುವವರೆಗೂ ನಂಬಿದ್ದ. ಹೊರಗಿನ ಬಲವನ್ನು ನೆಚ್ಚಿದವನ ಪಾಡು ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಬೇಕಿಲ್ಲ.

ಬಬ್ರಕ್ ಕರ್ಮಲ್‌ನನ್ನು ಗದ್ದುಗೆಗೆ ಕೂರಿಸಿದ ಸೋವಿಯತ್ ಸೇನೆ ಒಂಬತ್ತು ವರ್ಷ ಉಳಿಯಿತು. ಸುಮಾರು ಒಂದು ಲಕ್ಷ ಸೈನಿಕರು ಬೀಡುಬಿಟ್ಟರು. ನಗರಗಳು ಅವರ ಕೈಯಲ್ಲಿದ್ದವು, ಹಳ್ಳಿಗಾಡು ಸರ್ಕಾರದ ವಿರುದ್ಧ ಬಂದೂಕು ಹಿಡಿದ ಮುಜಾಹಿದೀನರ ಕೈಯಲ್ಲಿತ್ತು. ಹಳ್ಳಿಯನ್ನು ಹಿಡಿಯಲಾಗದೆ ಹಳ್ಳಿಯ ಮೇಲೆ ಬಾಂಬು ಸುರಿದರು. ನೆಲದಡಿಯ ನೀರಿನ ಕಾಲುವೆಗಳು, ತೋಟಗಳು ನಾಶವಾದವು, ಹೊಲಗಳಲ್ಲಿ ನೆಲಬಾಂಬು ಹೂತರು. ಸತ್ತ ಅಫ್ಘನ್ನರು ಸುಮಾರು ಹತ್ತು ಲಕ್ಷ ಎಂಬ ಅಂದಾಜಿದೆ. ಸತ್ತ ಸೋವಿಯತ್ ಸೈನಿಕರು ಸುಮಾರು 15,000. ಐವತ್ತು ಲಕ್ಷಕ್ಕೂ ಹೆಚ್ಚು ಜನ ಊರು ಬಿಟ್ಟು ಪಾಕಿಸ್ತಾನ, ಇರಾನ್ ಸೇರಿದರು.

ಇನ್ನು ಎದುರು ಪಕ್ಷ. ಮುಜಾಹಿದೀನರಿಗೆ ಅಮೆರಿಕ ಕೊಟ್ಟಷ್ಟೇ ಹಣವನ್ನು ಸೌದಿ ಅರೇಬಿಯಾ ಕೂಡಿಸುತ್ತಿತ್ತು. ಹಂಚುವ ಕೈ ಪಾಕಿಸ್ತಾನದ ಗುಪ್ತಚರ ಸಂಸ್ಥೆ ಐಎಸ್‌ಐ. ಪೇಶಾವರದಲ್ಲಿದ್ದ ಏಳು ಪಕ್ಷಗಳಿಗೆ ಮಾತ್ರ ಮಾನ್ಯತೆ. ನಿರಾಶ್ರಿತರ ಶಿಬಿರದಲ್ಲಿ ರೇಷನ್ ಬೇಕೆಂದರೆ ಈ ಏಳರಲ್ಲಿ ಒಂದಕ್ಕೆ ಹೆಸರು ಬರೆಸಬೇಕಿತ್ತು. ಏಳೂ ಧರ್ಮದ ಹೆಸರಿನ ಪಕ್ಷಗಳು. ಅತಿ ಉಗ್ರನಾದ ಗುಲ್ಬುದ್ದೀನ್ ಹೆಕ್ಮತ್ಯಾರ್‌ಗೆ ಸಿಂಹಪಾಲು. ದೊರೆಯ ಕಾಲದ ಉದಾರವಾದಿಗಳು, ರಾಷ್ಟ್ರವಾದಿಗಳು, ಹಳ್ಳಿಯ ಹಿರಿಯರು ಎಲ್ಲರೂ ಈ ಲೆಕ್ಕದಿಂದ ಹೊರಗೆ ಬಿದ್ದರು. ಶಿಬಿರದ ಮಕ್ಕಳಿಗೆಂದು ಅಮೆರಿಕ ಸರ್ಕಾರದ ಹಣದಲ್ಲಿ, ಅಲ್ಲಿನ ನೆಬ್ರಾಸ್ಕ ವಿಶ್ವವಿದ್ಯಾಲಯದ ಯೋಜನೆಯಡಿ ಪಠ್ಯಪುಸ್ತಕಗಳು ಅಚ್ಚಾದವು. ಅದರಲ್ಲಿ ಮಗು ಲೆಕ್ಕ ಕಲಿಯುತ್ತಿದ್ದುದು ಗುಂಡು, ಬಂದೂಕು, ಸತ್ತ ಶತ್ರು ಸೈನಿಕರನ್ನು ಎಣಿಸಿ. ಉಗ್ರವಾದ ಆ ಮಣ್ಣಿನ ಬೆಳೆ ಎನ್ನುವವರು ಬೀಜ ಎಲ್ಲಿಂದ ಬಂತೆಂದೂ ಕೇಳಬೇಕು.

ಗೆದ್ದವರ ಹೊಡೆದಾಟ

1989ರ ಫೆಬ್ರುವರಿ 15ರಂದು ಕೊನೆಯ ಸೋವಿಯತ್ ತುಕಡಿ ಅಮು ನದಿಯ ಸೇತುವೆ ದಾಟಿತು. ಕಾಬೂಲ್‌ನಲ್ಲಿ ಉಳಿದ, ಕರ್ಮಲ್ ಜಾಗಕ್ಕೆ ಬಂದಿದ್ದ ಅಧ್ಯಕ್ಷ ನಜೀಬುಲ್ಲಾ ವಾರಗಳಲ್ಲೇ ಬೀಳುತ್ತಾನೆಂದು ಜಗತ್ತು ಎಣಿಸಿತ್ತು. ಅವನು ಮೂರು ವರ್ಷ ನಿಂತ. ಮಾಸ್ಕೋದಿಂದ ಗೋಧಿ, ಇಂಧನ, ಶಸ್ತ್ರ, ಹಣ ಬರುತ್ತಿರುವವರೆಗೆ ಅವನ ಸೇನೆ ಕಾದಿತು. 1991ರ ಕೊನೆಗೆ ಸೋವಿಯತ್ ಒಕ್ಕೂಟವೇ ಇಲ್ಲವಾಯಿತು, 1992ರ ಜನವರಿಯಿಂದ ನೆರವು ನಿಂತಿತು. ಸಂಬಳ ಕಾಣದ ಉತ್ತರದ ದಂಡನಾಯಕ ದೋಸ್ತುಂ ಪಕ್ಷ ಬದಲಿಸಿದ. ಏಪ್ರಿಲ್‌ನಲ್ಲಿ ನಜೀಬುಲ್ಲಾ ಭಾರತಕ್ಕೆ ಹೊರಟವನು ವಿಮಾನ ನಿಲ್ದಾಣದ ದಾರಿಯಲ್ಲೇ ತಡೆಯಲ್ಪಟ್ಟು ವಿಶ್ವಸಂಸ್ಥೆಯ ಕಚೇರಿಯಲ್ಲಿ ಆಶ್ರಯ ಪಡೆದ. ಅವನ ಹೆಂಡತಿ ಮಕ್ಕಳು ಅದಾಗಲೇ ದೆಹಲಿ ಸೇರಿದ್ದರು.

ಕಾಬೂಲ್ ಮುಜಾಹಿದೀನರ ಕೈಗೆ ಬಂತು. ಸೋವಿಯತ್ ಯುದ್ಧದಲ್ಲಿ ಆ ನಗರಕ್ಕೆ ಆಗದ ಹಾನಿ ಈಗ ಆಯಿತು. ಪ್ರಧಾನಿ ಪಟ್ಟ ಕೊಟ್ಟರೂ ಒಪ್ಪದ ಹೆಕ್ಮತ್ಯಾರ್ ನಗರದ ಮೇಲೆ ರಾಕೆಟ್ ಸುರಿಸಿದ. ಮುಜಾಹಿದೀನ ಮುಖಂಡರಾದ ಅಹ್ಮದ್ ಶಾ ಮಸೂದ್ ಮತ್ತು ಸಯ್ಯಾಫ್, ದಂಡನಾಯಕ ದೋಸ್ತುಂ, ಹಜಾರಾಗಳ ಮುಖಂಡ ಮಜಾರಿ ಒಂದೊಂದು ಬಡಾವಣೆ ಹಿಡಿದು ಕಾದಾಡಿದರು. ಇವತ್ತಿನ ಮಿತ್ರ ನಾಳೆ ವೈರಿ. 1993ರ ಫೆಬ್ರುವರಿಯಲ್ಲಿ ಪಶ್ಚಿಮ ಕಾಬೂಲ್‌ನ ಅಫ್ಶಾರ್‌ನಲ್ಲಿ ಹಜಾರಾಗಳ ಕಗ್ಗೊಲೆ ನಡೆಯಿತು. ನಾಲ್ಕು ವರ್ಷದಲ್ಲಿ ಸಾವಿರಾರು ಜನ ಸತ್ತರು, ಅರ್ಧ ಊರು ಹಾಳುಬಿತ್ತು, ವಸ್ತುಸಂಗ್ರಹಾಲಯ ಲೂಟಿಯಾಯಿತು. ಶಸ್ತ್ರಕ್ಕೆ ಹಣ ಸುರಿದಿದ್ದ ಅಮೆರಿಕ ಈಗ ತಿರುಗಿ ನೋಡಲಿಲ್ಲ.

ತಾಲಿಬಾನ್ ಬಂದ ಬಗೆ

ಅತ್ತ ದಕ್ಷಿಣದಲ್ಲಿ ಕಂದಹಾರ್‌ನ ಹೆದ್ದಾರಿಗೆ ಅಡ್ಡಲಾಗಿ ಸರಪಳಿ ಕಟ್ಟಿ ಸುಂಕ ಕೀಳುವ ಸಣ್ಣಪುಟ್ಟ ಕಮಾಂಡರುಗಳು. ಸ್ವಲ್ಪ ದೂರಕ್ಕೊಂದು ಸರಪಳಿ, ಪ್ರತಿ ಸರಪಳಿಗೂ ಬೇರೆ ಯಜಮಾನ. ಲೂಟಿ, ಅತ್ಯಾಚಾರಕ್ಕೆ ಕೇಳುವವರಿಲ್ಲ. 1994ರಲ್ಲಿ ಮುಲ್ಲಾ ಒಮರ್ ಎಂಬ ಹಳ್ಳಿಯ ಮುಲ್ಲಾನ ಮುಂದಾಳುತನದಲ್ಲಿ ಮದರಸಾ ಹುಡುಗರು ಈ ಸರಪಳಿಗಳನ್ನು ಕಿತ್ತರು. ಸರಕು ಸಾಗಿಸುವ ಲಾರಿ ವ್ಯಾಪಾರಿಗಳು ಹಣ ಕೊಟ್ಟರು, ಪಾಕಿಸ್ತಾನ ಬೆಂಬಲ ಕೊಟ್ಟಿತು. ಬಳಲಿದ ಜನ ಬಾಗಿಲು ತೆರೆದರು. ಜನ ಮೊದಲು ಒಪ್ಪಿದ್ದು ರಸ್ತೆಯ ಸುರಕ್ಷತೆಗೆ, ಆಮೇಲೆ ಬಂದ ಕಟ್ಟಳೆಗಳಿಗಲ್ಲ.

1996ರ ಸೆಪ್ಟೆಂಬರ್ 27ರಂದು ಕಾಬೂಲ್ ತಾಲಿಬಾನ್ ವಶವಾಯಿತು. ನಜೀಬುಲ್ಲಾನನ್ನು ವಿಶ್ವಸಂಸ್ಥೆಯ ಕಚೇರಿಯಿಂದ ಎಳೆದು ತಂದು ಕೊಂದು ಕಂಬಕ್ಕೆ ನೇತುಹಾಕಿದರು. ಹುಡುಗಿಯರ ಶಾಲೆ ಮುಚ್ಚಿತು, ಹೆಂಗಸರ ನೌಕರಿ ಹೋಯಿತು, ಸಂಗೀತ, ಟಿವಿ, ಗಾಳಿಪಟ ಎಲ್ಲಕ್ಕೂ ನಿಷೇಧ. ಯುದ್ಧದಲ್ಲಿ ಗಂಡನನ್ನು ಕಳೆದುಕೊಂಡು ದುಡಿದು ಮಕ್ಕಳನ್ನು ಸಾಕುತ್ತಿದ್ದ ಸಾವಿರಾರು ವಿಧವೆಯರು ಬೀದಿಗೆ ಬಿದ್ದರು. 1998ರ ಆಗಸ್ಟ್‌ನಲ್ಲಿ ಮಜಾರ್‌ ಎ ಷರೀಫ್‌ನಲ್ಲಿ ಹಜಾರಾಗಳನ್ನು ಮನೆ ಮನೆ ಹುಡುಕಿ ಕೊಂದರು. ನಮ್ಮ ವಿಮಾನ ಐಸಿ 814 ಅಪಹರಣವಾಗಿ 1999ರ ಕೊನೆಯ ವಾರ ನಿಂತಿದ್ದು ಇವರ ಆಡಳಿತದ ಕಂದಹಾರ್‌ನಲ್ಲಿ. 2001ರ ಮಾರ್ಚಿನಲ್ಲಿ ಬಾಮಿಯಾನ್‌ನ 55 ಮತ್ತು 38 ಮೀಟರ್ ಎತ್ತರದ ಬುದ್ಧ ಪ್ರತಿಮೆಗಳನ್ನು ಸಿಡಿಸಿದರು. ಒಸಾಮಾ ಬಿನ್ ಲಾಡೆನ್‌ಗೆ ನೆಲೆ ಕೊಟ್ಟವರೂ ಇವರೇ.

ಇಪ್ಪತ್ತು ವರ್ಷದ ಗಣರಾಜ್ಯ

2001ರ ಸೆಪ್ಟೆಂಬರ್ ತಿಂಗಳಲ್ಲಿ ಬಿನ್ ಲಾಡೆನ್ ಗುಂಪು ಅಮೆರಿಕದ ಮೇಲೆ ನಡೆಸಿದ ದಾಳಿಯ ನಂತರ ಅಮೆರಿಕ ಬಂದದ್ದು, ತಾಲಿಬಾನ್ ಓಡಿದ್ದು ನಿಮಗೆ ಗೊತ್ತಿರುವ ಸಂಗತಿ. ಹಮೀದ್ ಕರ್ಜೈ ಅಧ್ಯಕ್ಷರಾದರು, 2004ರಲ್ಲಿ ಹೊಸ ಸಂವಿಧಾನ ಬಂತು, ಲಕ್ಷಗಟ್ಟಲೆ ಹುಡುಗಿಯರು ಶಾಲೆ ಸೇರಿದರು. ಇದು ಸಣ್ಣ ಸಾಧನೆಯಲ್ಲ. ಆದರೆ ಅಡಿಪಾಯ ಹಳೆಯದೇ. ಕಾಬೂಲನ್ನು ಹಾಳುಗೆಡವಿದ ಕಮಾಂಡರುಗಳೇ ಮಂತ್ರಿಗಳಾಗಿ, ರಾಜ್ಯಪಾಲರಾಗಿ ಮರಳಿದರು. 2007ರಲ್ಲಿ ಸಂಸತ್ತು ಅವರ ಹಳೆಯ ಅಪರಾಧಗಳಿಗೆ ಕ್ಷಮಾದಾನದ ಕಾನೂನನ್ನೇ ಮಾಡಿತು. ಹಳ್ಳಿಯಲ್ಲಿ ವಿದೇಶಿ ಸೇನೆಯ ರಾತ್ರಿ ದಾಳಿ, ವಿಮಾನ ದಾಳಿಗಳಿಗೆ ಬಲಿಯಾದ ಮನೆಗಳಿಗೆ ನ್ಯಾಯ ಸಿಗಲಿಲ್ಲ. ಪಾಕಿಸ್ತಾನದಲ್ಲಿ ತಲೆಮರೆಸಿಕೊಂಡ ತಾಲಿಬಾನ್ ನಾಯಕರು ಈ ಸಿಟ್ಟನ್ನೇ ಬಂಡವಾಳ ಮಾಡಿಕೊಂಡರು. ಕೊನೆಯ ವರ್ಷಗಳಲ್ಲೂ ಸಾರ್ವಜನಿಕ ವೆಚ್ಚದ ಸುಮಾರು ಮುಕ್ಕಾಲು ಪಾಲು ವಿದೇಶಿ ಅನುದಾನದಿಂದ ಬರುತ್ತಿತ್ತು.

2020ರ ಫೆಬ್ರುವರಿ 29ರಂದು ದೋಹಾದಲ್ಲಿ ಅಮೆರಿಕ ತಾಲಿಬಾನ್ ಜೊತೆ ಒಪ್ಪಂದ ಮಾಡಿಕೊಂಡಿತು. ಆ ಮಾತುಕತೆಯಲ್ಲಿ ಕಾಬೂಲ್ ಸರ್ಕಾರಕ್ಕೆ ಕುರ್ಚಿ ಇರಲಿಲ್ಲ. 2021ರ ಆಗಸ್ಟ್ 6ರಂದು ಮೊದಲ ಪ್ರಾಂತೀಯ ರಾಜಧಾನಿ ಬಿದ್ದಿತು, 15ರಂದು ಕಾಬೂಲ್. ಅಧ್ಯಕ್ಷ ಅಶ್ರಫ್ ಘನಿ ದೇಶ ಬಿಟ್ಟು ಹೋದರು. ಅಫ್ಘನ್ ಸೈನಿಕರು ಹೋರಾಡಲೇ ಇಲ್ಲ ಎಂಬ ಮಾತು ಅನ್ಯಾಯದ್ದು. ಇಪ್ಪತ್ತು ವರ್ಷದಲ್ಲಿ ಸತ್ತ ಅಫ್ಘನ್ ಸೈನಿಕರು, ಪೊಲೀಸರು ಸುಮಾರು 66,000. ಬೆನ್ನ ಹಿಂದೆ ವಿಮಾನವಿಲ್ಲ, ಸಂಬಳವಿಲ್ಲ, ನಾಯಕನಿಲ್ಲ ಎಂದಾದ ಮೇಲೆ ಅವರು ಬಂದೂಕು ಕೆಳಗಿಟ್ಟರು. 1992ರಲ್ಲಿ ಆದದ್ದೂ ಇದೇ.

ಈಗ ಏನು?

2022ರ ಮಾರ್ಚ್ 23ರ ಬೆಳಿಗ್ಗೆ, ಪ್ರೌಢಶಾಲೆ ತೆರೆಯುತ್ತದೆಂದು ನಂಬಿ ಹುಡುಗಿಯರು ಕಪ್ಪು ಸಮವಸ್ತ್ರ, ಬಿಳಿ ತಲೆವಸ್ತ್ರ ತೊಟ್ಟು ತರಗತಿಗೆ ಹೋದರು. ಕೆಲವೇ ಗಂಟೆಗಳಲ್ಲಿ ಆದೇಶ ಬಂತು, ಅಳುತ್ತಾ ಮನೆಗೆ ಮರಳಿದರು. ಆ ಡಿಸೆಂಬರ್‌ನಲ್ಲಿ ವಿಶ್ವವಿದ್ಯಾಲಯದ ಬಾಗಿಲೂ ಮುಚ್ಚಿತು. 2024ರ ಕೊನೆಗೆ ಸೂಲಗಿತ್ತಿ, ನರ್ಸ್ ತರಬೇತಿಗೂ ತಡೆ ಬಿತ್ತು. ಹೆಂಗಸರನ್ನು ಹೆಂಗಸರೇ ಪರೀಕ್ಷಿಸಬೇಕೆನ್ನುವ ಆಡಳಿತ ಹೆಂಗಸರು ವೈದ್ಯಕೀಯ ಕಲಿಯುವುದನ್ನೂ ತಡೆದರೆ ಹೆರಿಗೆಯಲ್ಲಿ ಪ್ರಾಣ ಹೋಗುವುದು ಯಾರದ್ದು? ಪ್ರೌಢಶಾಲೆಯಿಂದ ವಂಚಿತರಾದ ಹುಡುಗಿಯರು ಕನಿಷ್ಠ 14 ಲಕ್ಷ ಎಂದು ಯುನೆಸ್ಕೊ 2024ರಲ್ಲಿ ಲೆಕ್ಕ ಹೇಳಿತು. ಈಗಿನ ಆಡಳಿತ ಸುಂಕ, ತೆರಿಗೆಯನ್ನು ಜನರಿಂದಲೇ ವಸೂಲು ಮಾಡುತ್ತದೆ, ಆದರೆ ಜನರ ಒಪ್ಪಿಗೆ ಕೇಳುವುದಿಲ್ಲ. ಚುನಾವಣೆಯಿಲ್ಲ, ಕಂದಹಾರ್‌ನಲ್ಲಿರುವ ತಾಲಿಬಾನ್ ಸರ್ವೋಚ್ಚ ನಾಯಕ ಹಿಬತುಲ್ಲಾ ಅಖುಂದ್‌ಜಾದಾ ಮಾತೇ ಕಾನೂನು. 2025ರ ಜುಲೈನಲ್ಲಿ ರಷ್ಯಾ ಈ ಸರ್ಕಾರಕ್ಕೆ ಮಾನ್ಯತೆ ಕೊಟ್ಟ ಮೊದಲ ದೇಶವಾಯಿತು. ಅದೇ ತಿಂಗಳು ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ ಹೆಣ್ಣುಮಕ್ಕಳ ಮೇಲಿನ ದಮನಕ್ಕಾಗಿ ಅಖುಂದ್‌ಜಾದಾ ವಿರುದ್ಧ ಬಂಧನದ ವಾರಂಟ್ ಹೊರಡಿಸಿತು.

ಹಾಗಾದರೆ ತಪ್ಪು ಯಾರದು? ಟೈಪ್ ಮಾಡಿದ ಪಟ್ಟಿ ಬರೆದವರದ್ದು, ಹಳ್ಳಿಯ ಮೇಲೆ ಬಾಂಬು ಹಾಕಿದವರದ್ದು, ಉಗ್ರರನ್ನೇ ಆರಿಸಿ ಶಸ್ತ್ರ ಕೊಟ್ಟವರದ್ದು, ಗೆದ್ದ ಊರನ್ನೇ ಸುಟ್ಟವರದ್ದು, ಶಾಲೆ ಮುಚ್ಚಿದವರದ್ದು. ಒಂದೊಂದು ತಪ್ಪಿಗೂ ಹೆಸರಿದೆ, ತಾರೀಖಿದೆ. ಸ್ವಭಾವ ಎಂದುಬಿಟ್ಟರೆ ಈ ಹೆಸರುಗಳೆಲ್ಲ ಮರೆಯಾಗುತ್ತವೆ, ಹೊಣೆ ಮಾತ್ರ ನೊಂದ ಜನರ ತಲೆಗೆ ಬೀಳುತ್ತದೆ. ಪೇಶಾವರದ ಆ ಶಿಬಿರಗಳಿಂದ ತಾಲಿಬಾನ್ ಹುಡುಗರು ಮಾತ್ರ ಬರಲಿಲ್ಲ. ಅಲ್ಲೇ ಕ್ರಿಕೆಟ್ ಕಲಿತ ಹುಡುಗರೂ ಬಂದರು. ಅವರಿಂದ ಬೆಳೆದ ಅಫ್ಘಾನಿಸ್ತಾನದ ರಾಷ್ಟ್ರೀಯ ತಂಡ 2018ರ ಜೂನ್‌ನಲ್ಲಿ ತನ್ನ ಮೊಟ್ಟಮೊದಲ ಟೆಸ್ಟ್ ಪಂದ್ಯ ಆಡಿದ್ದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ. ಅದೇ ಶಿಬಿರ, ಅದೇ ಜನ. ಕೈಗೆ ಏನು ಕೊಟ್ಟರು ಎಂಬುದರ ಮೇಲೆ ಉಳಿದದ್ದು ನಿಂತಿತು.

ಇದರಿಂದಲೇ ನಮ್ಮ ಪಾಲಿನ ಕೆಲಸವೂ ತಿಳಿಯುತ್ತದೆ. ಭಾರತ ಸರ್ಕಾರದ ವಿದ್ಯಾರ್ಥಿವೇತನದ ಮೇಲೆ ಬೆಂಗಳೂರು, ಮೈಸೂರಿನ ವಿಶ್ವವಿದ್ಯಾಲಯಗಳಲ್ಲೂ ಅಫ್ಘನ್ ವಿದ್ಯಾರ್ಥಿಗಳು ಓದಿದ್ದಾರೆ. 2021ರ ಆಗಸ್ಟ್‌ನಲ್ಲಿ ಅಫ್ಘನ್ನರಿಗೆ ಮೊದಲು ಕೊಟ್ಟಿದ್ದ ವೀಸಾಗಳನ್ನು ಭಾರತ ರದ್ದು ಮಾಡಿತು, ಊರಿಗೆ ಹೋಗಿದ್ದ ಎಷ್ಟೋ ವಿದ್ಯಾರ್ಥಿಗಳು ಅಲ್ಲೇ ಉಳಿದುಬಿಟ್ಟರು. ಕಾಬೂಲ್ ಆಡಳಿತದ ಜೊತೆ ದೆಹಲಿ ಈಗ ಮಾತುಕತೆ ಆರಂಭಿಸಿದೆ, 2025ರ ಅಕ್ಟೋಬರ್‌ನಲ್ಲಿ ಅಲ್ಲಿನ ನಮ್ಮ ಕಚೇರಿಯನ್ನು ಮತ್ತೆ ರಾಯಭಾರ ಕಚೇರಿಯ ದರ್ಜೆಗೆ ಏರಿಸಿದೆ. ನೆರೆಹೊರೆಯವರೊಡನೆ ಮಾತು ಬೇಕು, ತಪ್ಪಲ್ಲ. ಆದರೆ ಆ ಮಾತಿನಲ್ಲಿ ವ್ಯಾಪಾರ, ಭದ್ರತೆಯ ಜೊತೆಗೆ ಹುಡುಗಿಯರ ಶಾಲೆಯ ವಿಷಯವೂ ಬರಬೇಕು. ಅಲ್ಲಿ ಓದಲು ಬಿಡದ ಹುಡುಗಿಗೆ ಇಲ್ಲಿ ಓದಲು ವೀಸಾ ಸಿಗಬೇಕು. ಹೊರಗಿನವರು ಆ ದೇಶಕ್ಕೆ ಬಂದೂಕು ಕೊಟ್ಟು ಏನಾಯಿತೆಂದು ನಾಲ್ಕು ದಶಕದಿಂದ ನೋಡಿದ್ದೇವೆ. ಓದು ಕೊಡಲು ನಮ್ಮಿಂದ ಆಗುತ್ತದೆ, ಕೊಡಬೇಕು.